ಹನಿ ನಿಲ್ಲದ ಕೊಳವೆ

ಒಂದು ಚಳಿಗಾಲ ಬಿಟ್ಟರೆ, ಟೈಟಸ್ ಪಾರ್ಜಿಟರ್ ಇಡೀ ಬ್ರೆಡ್ಡನ್ನು ಒಂದೇ ಅಂಗಡಿಯಲ್ಲಿ ಕೊಂಡದ್ದನ್ನು ನಾನು ನೋಡಿಲ್ಲ. ಅರ್ಧವನ್ನು ಕಾಲುವೆ ಸೇತುವೆಯ ಪಕ್ಕದ ಅಂಗಡಿಯಲ್ಲಿ ಕೊಳ್ಳುವರು, ಇನ್ನರ್ಧವನ್ನು ಚಾಪೆಲ್ ಪ್ರಾರ್ಥನಾಮಂದಿರದ ಎದುರಿಗಿದ್ದ ಅಂಗಡಿಯಲ್ಲಿ. ಎರಡು ಕಡೆ ಕೊಂಡರೆ ಎರಡು ಕಡೆ ನಿಂತು ಮಾತಾಡಬಹುದಲ್ಲ, ಅದಕ್ಕೆ. ಅವರು ಬರುವುದನ್ನು ಕಿಟಕಿಯಿಂದ ನೋಡಿ ನನ್ನ ಗಂಡ ಕೇಲಬ್ ನಗುತ್ತಿದ್ದ: “ಬಂದ್ರು ನೋಡು ಯಜಮಾನ್ರು. ಇನ್ನೂ ಅರ್ಧ ಬ್ರೆಡ್ಡಿನಷ್ಟು ಮಾತು ಬಾಕಿ ಇದೆ, ನಮ್ಮನೆಗೇ ಬರ್ತಾರೆ.”

ಬರುತ್ತಲೂ ಇದ್ದರು. ನಮ್ಮ ಎರಡು ಮನೆಗಳಿಗೂ ಅಂಗಳದಲ್ಲಿ ಒಂದೇ ಬಟ್ಟೆ ಒಗೆಯುವ ಕೋಣೆ. ಅವರ ಬಳಿ ಒಗೆಯಲು ಒಂದು ಅಂಗಿಯೂ ಇಲ್ಲದ ದಿನವೂ ಬಾಗಿಲಲ್ಲಿ ಇಣುಕಿ, “ವಿನ್ನಿ, ಹಂಡೆಗೆ ಉರಿ ಹಾಕಿದ್ಯಾ ಹುಡುಗಿ?” ಎಂದು ಕೇಳುವರು. ಹೊಗೆ ಅವರ ಮುಖಕ್ಕೇ ಹೊಡೆಯುತ್ತಿರುತ್ತಿತ್ತು.

ಅವರು ಆಂಬಲ್‌ಕೋಟಿನ ಗಾಜಿನ ಕಾರ್ಖಾನೆಯಲ್ಲಿ ಯಜಮಾನರಾಗಿದ್ದವರು. ನಮ್ಮಲ್ಲಿ ನಾಲ್ವರು ಸೇರಿ ಗಾಜು ಊದುವ ತಂಡಕ್ಕೆ ‘ಕುರ್ಚಿ’ ಎನ್ನುತ್ತಾರೆ. ಅದರ ಮುಖ್ಯಸ್ಥನೇ ‘ಯಜಮಾನ’. ಅವನಿಗೆ ಮಾತ್ರ ಕೂರಲು ಕುರ್ಚಿ, ಉಳಿದವರು ಓಡಾಡಬೇಕು. ಟೈಟಸ್ ಯಜಮಾನರ ಕುರ್ಚಿಯಿಂದ ಬರುತ್ತಿದ್ದದ್ದು ವೈನಿನ ಹೂಜಿಗಳು. ಅವುಗಳಲ್ಲಿ ಅವರಿಗೊಂದು ಹಟವಿತ್ತು. ತಯಾರಾದ ಹೂಜಿಗೆ ನೀರು ತುಂಬಿ, ಬಗ್ಗಿಸಿ, ಕೊನೆಯ ಹನಿಯೂ ತಾನಾಗಿ ಜಾರಿ ಬರುವುದನ್ನು ನೋಡುವರು. ಒಂದು ಹನಿ ಒಳಗೆ ಉಳಿದರೂ ಆ ಹೂಜಿಯನ್ನು ಒಡೆದು ಕುಲುಮೆಗೆ ಹಾಕಿಸುವರು. “ಹನಿ ಇಟ್ಕೊಳ್ಳೋದು ಹೂಜಿ ಅಲ್ಲಮ್ಮ, ಜಿಪುಣ” ಎನ್ನುವರು. ನಾನು ಅದೇ ಕಾರ್ಖಾನೆಯಲ್ಲಿ ಹುಲ್ಲು ಸುತ್ತಿ ಸಾಮಾನು ಕಟ್ಟುವ ಕೆಲಸದಲ್ಲಿದ್ದೆ. ನನ್ನ ಕೈಗೆ ಬಂದ ಅವರ ಹೂಜಿಗಳನ್ನು ಕಣ್ಣುಮುಚ್ಚಿ ಸವರಿ ಗುರುತಿಸಬಲ್ಲವಳಾಗಿದ್ದೆ. ಕತ್ತಿನಿಂದ ಇಳಿಯುವ ಭುಜದಲ್ಲಿ ಎಲ್ಲಿಯೂ ತಗ್ಗು ಸಿಗುತ್ತಿರಲಿಲ್ಲ.

ಅವರ ಹೆಂಡತಿ ಹೆಸ್ಟರ್ ತೀರಿಹೋದ ಚಳಿಗಾಲದಲ್ಲೇ ವ್ಯಾಪಾರ ಇಳಿಯಿತು. ಕಾರ್ಖಾನೆಯವರು ಅವರ ಕುರ್ಚಿಯ ತಂಡವನ್ನು ಒಡೆದು, ಉಳಿದ ಮೂವರನ್ನು ಬೇರೆ ಬೇರೆ ಕುರ್ಚಿಗಳಿಗೆ ಹಂಚಿದರು. ಯಜಮಾನರನ್ನು ಮೂಲೆಯ ಸಣ್ಣ ಕುಲುಮೆಯ ಬಾಯಿಗೆ ಕೂರಿಸಿ, ಔಷಧದಂಗಡಿಯ ಸೀಸೆ, ದೀಪದ ಚಿಮಣಿ ಇಂಥವನ್ನು ಮಾಡಲು ಹೇಳಿದರು. ಮಕ್ಕಳಿರಲಿಲ್ಲ. ದಿನವಿಡೀ ಅವರು ಯಾರೊಂದಿಗೂ ಒಂದು ಮಾತಾಡದೆ ಮನೆಗೆ ಬರುವಂತಾಯಿತು.

ರಾಜ ಎಡ್ವರ್ಡ್ ತೀರಿಕೊಂಡ ಮರುವರ್ಷ ಇರಬೇಕು, ಲ್ಯಾಚ್‌ಫರ್ಡ್ ಎಂಬ ಇಂಜಿನಿಯರು ನಮ್ಮ ಕಾರ್ಖಾನೆಗೆ ಬಂದರು. ಇನ್ನೂ ಎಳೆಯ ವಯಸ್ಸು, ಸದಾ ನೆಗಡಿ. ಟ್ರಾಮಿನಲ್ಲಿ ಹೋಗುವಷ್ಟು ದೂರದಲ್ಲಿ ಅವರ ಕಾರ್ಖಾನೆ. ಹಾರುವ ಯಂತ್ರಕ್ಕೆ ಇಂಜಿನ್ ಮಾಡುತ್ತಿದ್ದರು. ಗಾಳಿಯನ್ನೂ ಪೆಟ್ರೋಲಿನ ತುಂತುರನ್ನೂ ಇಂಜಿನ್ನಿನ ನಾಲ್ಕು ಗೂಡುಗಳಿಗೆ, ಅಂದರೆ ಸಿಲಿಂಡರುಗಳಿಗೆ, ಹಂಚುವ ಒಂದು ಕೊಳವೆ ಇರುತ್ತದಂತೆ. ಅದನ್ನು ತಾಮ್ರದಲ್ಲಿ ಮಾಡುತ್ತಾರೆ. ತಾಮ್ರದೊಳಗೆ ಏನು ನಡೆಯುತ್ತದೆಂದು ಕಾಣುವುದಿಲ್ಲ. ಅದೇ ನಕ್ಷೆಯ ಕೊಳವೆ ಗಾಜಿನಲ್ಲಿ ಬೇಕು, ಒಳಗೆ ನೋಡಬೇಕು ಎಂದರು.

ದೊಡ್ಡ ಕುರ್ಚಿಗಳ ಯಜಮಾನರು ನಕ್ಷೆ ನೋಡಿ ನಕ್ಕರು. “ಇದೇನ್ ಸಾರ್, ಹಂದಿ ಕರುಳಾ?” ಎಂದ ಒಬ್ಬ. ಲ್ಯಾಚ್‌ಫರ್ಡ್ ಮೂಗು ಒರೆಸಿಕೊಂಡು ಮೂಲೆಯವರೆಗೂ ಬಂದರು.

ಟೈಟಸ್ ಯಜಮಾನರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದು ಇಂಜಿನ್ನಿನ ಮೂಗು ಅನ್ನಿ.”

“ಹ್ಞೂ, ಉಸಿರಾಡೋ ಕೊಳವೆ.”

“ಹಂಗಾದ್ರೆ ಮೊದ್ಲು ನಿಮ್ಮ ಮೂಗು ಸರಿಮಾಡ್ಕೊಳ್ಳಿ ಸಾರ್. ಇದನ್ನ ನಾನು ಊದಿಕೊಡ್ತೀನಿ.”

ಅಷ್ಟು ತಿಂಗಳಾದ ಮೇಲೆ ಅವರ ಬಾಯಲ್ಲಿ ಒಂದು ಹಾಸ್ಯ ಕೇಳಿದ್ದೆ. ಹುಲ್ಲು ಕೆಳಗಿಟ್ಟು ನೋಡುತ್ತಾ ನಿಂತೆ.

ಆ ಕೊಳವೆ ಒಂದು ಕಡೆ ಒಂದು ಬಾಯಿ, ಇನ್ನೊಂದು ಕಡೆ ನಾಲ್ಕು ಬಾಯಿಯದು. ನಡುವೆ ಕೆಳಕ್ಕೆ ಇಳಿದು ಮತ್ತೆ ಮೇಲೇಳುವ ಹೊಟ್ಟೆ. ಹಾರುವ ಯಂತ್ರದ ಚೌಕಟ್ಟಿನ ಒಂದು ಪಟ್ಟಿ ಅಡ್ಡ ಬರುತ್ತಿದ್ದರಿಂದ ಕೊಳವೆ ಅದರ ಕೆಳಗೆ ನುಸುಳಿ ಹೋಗಬೇಕಾಗಿತ್ತು. ಯಜಮಾನರು ಮೊದಲನೆಯದನ್ನು ಊದಿ, ಬಗ್ಗಿಸಿ, ಕವಲು ಅಂಟಿಸಿ, ಬಿಸಿ ಸುರಂಗದಲ್ಲಿ ಮೆಲ್ಲಗೆ ಆರಿಸಿ ನನ್ನ ಕೈಗೆ ಕೊಟ್ಟರು. ಅಷ್ಟು ಕವಲಿನ ಗಾಜನ್ನು ಒಬ್ಬರೇ ಟ್ರಾಮಿನಲ್ಲಿ ಒಯ್ಯುವಂತಿರಲಿಲ್ಲ. ಪೆಟ್ಟಿಗೆಯ ಒಂದು ತುದಿ ಅವರು, ಇನ್ನೊಂದು ತುದಿ ನಾನು. ಹೀಗೆ ನಾನೂ ಲ್ಯಾಚ್‌ಫರ್ಡ್ ಅವರ ಶೆಡ್ಡಿಗೆ ಹೋದೆ.

ಕಾರ್ಖಾನೆಯ ಹಿಂದಿನ ಹೊಲದಲ್ಲಿ ತಗಡಿನ ಶೆಡ್ಡು. ಗೋಡೆಗೆ ಒಂದು ಫ್ಯಾನು, ಗಾಳಿಯನ್ನು ಊದುವ ಬದಲು ಎಳೆಯುವುದು. ಗಾಜಿನ ಕೊಳವೆಯನ್ನು ಅದಕ್ಕೆ ತೊಗಲಿನ ಪಟ್ಟಿಯಿಂದ ಬಿಗಿದು, ಕೆಂಪು ಬಣ್ಣ ಬೆರೆಸಿದ ಪೆಟ್ರೋಲನ್ನು ತುಂತುರಾಗಿ ಬಿಟ್ಟರು. ಕೆಂಪು ಮಂಜು ಗಾಜಿನೊಳಗೆ ನುಗ್ಗಿ, ಹೊಟ್ಟೆಯಲ್ಲಿ ಇಳಿದು, ಎದ್ದು, ನಾಲ್ಕು ಕವಲುಗಳಲ್ಲೂ ಸಮನಾಗಿ ಹೊರಟಿತು. ಫ್ಯಾನು ನಿಂತಾಗ ಗಾಜಿನಲ್ಲಿ ಒಂದು ಕೆಂಪು ಕಲೆಯೂ ಇರಲಿಲ್ಲ. ಲ್ಯಾಚ್‌ಫರ್ಡ್ ಚಪ್ಪಾಳೆ ತಟ್ಟಿದರು.

“ಹೂಜಿ ಮಾಡೋ ಕೈ ಸಾರ್ ಇದು” ಎಂದರು ಯಜಮಾನರು.

“ಊದಿ ಊದಿ ಅದಕ್ಕೇ ಉಬ್ಬಿದೆ ಗಲ್ಲ” ಎಂದಿತು ಹಿಂದಿನಿಂದ ಒಂದು ದನಿ. ಅವನೇ ಏಮಸ್ ವಿಟ್ಲಾಕ್, ತಾಮ್ರದ ಕೊಳವೆ ಮಾಡುವವನು. ಐವತ್ತು ದಾಟಿದ ಗಟ್ಟಿ ಆಳು. ಕೊಳವೆ ಬಗ್ಗಿಸುವಾಗ ಮುರಿಯದಿರಲೆಂದು ಒಳಗೆ ರಾಳ ಕರಗಿಸಿ ಹೊಯ್ಯುತ್ತಾರೆ. ಆ ವಾಸನೆ ಅವನ ಮೈಯಿಂದ ಯಾವತ್ತೂ ಹೋಗುತ್ತಿರಲಿಲ್ಲ. “ಏನಯ್ಯಾ ಉಬ್ಬುಗಲ್ಲ, ನಿನ್ನ ಸಾಮಾನು ಕೆಮ್ಮಿದ್ರೆ ಒಡೆದುಹೋಗುತ್ತೆ. ನಂದು ಆನೆ ತುಳಿದ್ರೂ ಅಲ್ಲಾಡಲ್ಲ.”

“ಡಬ್ಬ ತಟ್ಟೋರಿಗೆ ಆನೇದೇ ಯೋಚ್ನೆ. ಮೂಗಿಗೆ ಆನೆ ಯಾಕಯ್ಯಾ?”

ಆವತ್ತಿನಿಂದ ಗುರುವಾರ ಗುರುವಾರ ನಾವು ಹೋಗುವುದು ರೂಢಿಯಾಯಿತು. ಲ್ಯಾಚ್‌ಫರ್ಡ್ ಕವಲುಗಳನ್ನು ಅತ್ತಿತ್ತ ಸರಿಸಿ ಹೊಸ ನಕ್ಷೆ ಕೊಡುವರು, ಯಜಮಾನರು ಅದನ್ನು ಗಾಜಿನಲ್ಲಿ ಮಾಡುವರು, ಏಮಸ್ ತಾಮ್ರದಲ್ಲಿ. ಬುಧವಾರ ಸಂಜೆಯೇ ಯಜಮಾನರು ಕಾಲರಿಗೆ ಗಂಜಿ ಹಾಕಿಸಿಕೊಳ್ಳಲು ನನ್ನ ಹತ್ತಿರ ಬರುವರು. ಶೆಡ್ಡಿನಲ್ಲಿ ಒಲೆಯ ಪಕ್ಕ ಏಮಸ್ ಅವರಿಗೆಂದೇ ಒಂದು ಖಾಲಿ ಪೀಪಾಯಿ ಉರುಳಿಸಿ ಇಟ್ಟಿದ್ದ. ಅದರ ಮೇಲೆ ಸೀಮೆಸುಣ್ಣದಲ್ಲಿ ‘ಕುರ್ಚಿ’ ಎಂದು ಬರೆದಿದ್ದ. ಇಬ್ಬರೂ ಬೂದು ಬಟಾಣಿ, ಬೇಕನ್ ಒಂದೇ ಡಬ್ಬಿಯಿಂದ ತಿನ್ನುವರು, ಬಾಯಿ ಬಿಡುವಾದಾಗಲೆಲ್ಲ ಬೈದಾಡಿಕೊಳ್ಳುವರು.

“ನಿನ್ನ ಹೆಂಡ್ತಿ ಬಟಾಣೀನ ರಾಳದಲ್ಲಿ ಬೇಯಿಸ್ತಾಳೇನೋ?”

“ನಿಂಗೆ ಹೆಚ್ಚಾಯ್ತು ಕಣಯ್ಯಾ. ತಿನ್ನೋದ್ ಬಿಡು, ನಿನ್ನ ಗಲ್ಲದಲ್ಲಿ ನಾಳೆಗೂ ಉಳಿದಿರುತ್ತೆ.”

ಆ ಚಳಿಗಾಲವಿಡೀ ಯಜಮಾನರು ಬ್ರೆಡ್ಡನ್ನು ಒಂದೇ ಅಂಗಡಿಯಲ್ಲಿ ಕೊಂಡರು. ಕೇಲಬ್‌ಗೂ ಅದು ಕಣ್ಣಿಗೆ ಬಿತ್ತು.

ಆದರೆ ಶೆಡ್ಡಿನಲ್ಲಿ ಕೆಲಸ ಮುಂದೆ ಹೋಗುತ್ತಿರಲಿಲ್ಲ. ಗಾಜಿನಲ್ಲಿ ಪ್ರತಿಸಲವೂ ಕೆಂಪು ಮಂಜು ಸಮನಾಗಿ ಹೊರಡುವುದು. ಅದೇ ನಕ್ಷೆಯ ತಾಮ್ರದ ಕೊಳವೆಯನ್ನು ಇಂಜಿನ್ನಿಗೆ ಹಾಕಿ ವೇಗ ಹೆಚ್ಚಿಸಿದ ಕೂಡಲೇ ಹಿಂದಿನ ಎರಡು ಗೂಡುಗಳಿಂದ ಕಪ್ಪು ಹೊಗೆ, ಮುಂದಿನ ಎರಡು ಕೆಮ್ಮಿ ನಿಲ್ಲುವುದು. ಹಿಂದಿನವಕ್ಕೆ ಪೆಟ್ರೋಲು ಅತಿಯಾಗಿ, ಮುಂದಿನವು ಹಸಿದು ಸಾಯುತ್ತಿದ್ದವು. ಗಾಜಿನ ಬಾಯಿಗಳೆಲ್ಲ ತಾಮ್ರದ ಬಾಯಿಗಳಂತೆಯೇ ಸರಿಯಾಗಿ ಕೂರುತ್ತಿದ್ದವು. ಹಾಗಾಗಿ ಗಾಜನ್ನು ಯಾರೂ ಅನುಮಾನಿಸಲಿಲ್ಲ.

ಕೊನೆಗೆ ಇಂಜಿನ್ ಕಾರ್ಖಾನೆಯ ಮ್ಯಾನೇಜರು ಒಂದು ತೀರ್ಮಾನಕ್ಕೆ ಬಂದರು. ಗಾಜಿನಲ್ಲಿ ಸರಿಬಂದದ್ದು ತಾಮ್ರದಲ್ಲಿ ಬರುತ್ತಿಲ್ಲ ಎಂದರೆ ತಾಮ್ರದ ಕೈಯೇ ಕೆಟ್ಟದ್ದು. ಇನ್ನೊಂದು ಕೊಳವೆ ನೋಡೋಣ, ಅದೂ ಹೀಗೇ ಆದರೆ ಏಮಸ್ ಮನೆಗೆ ಹೋಗಲಿ, ಬೇರೆಯವನನ್ನು ಕರೆಸೋಣ ಎಂದರು. ಲ್ಯಾಚ್‌ಫರ್ಡ್ ತಡೆದರೂ ಕೇಳಲಿಲ್ಲ.

ಆ ಗುರುವಾರ ನಾವು ಹೋದಾಗ ಏಮಸ್ ಬೈಯಲಿಲ್ಲ. ತಾನು ಮಾಡಿದ ಕೊಳವೆಯೊಂದನ್ನು ಉದ್ದಕ್ಕೆ ಗರಗಸದಲ್ಲಿ ಸೀಳಿ ಬೆಂಚಿನ ಮೇಲೆ ಇಟ್ಟುಕೊಂಡು ಕೂತಿದ್ದ.

“ನೋಡಯ್ಯಾ ಟೈಟಸ್. ಬೆಸುಗೆ ಎಲ್ಲಾದ್ರೂ ಒಳಕ್ಕೆ ಇಳಿದಿದ್ಯಾ? ನಕ್ಷೆಗೆ ಇಟ್ಟು ನೋಡ್ದೆ. ಕೂದಲೆಳೆ ಆಚೀಚೆ ಆಗಿಲ್ಲ. ಎಲ್ಲಿ ತಪ್ಪಿದೀನಿ, ಹೇಳು.”

ಅವನು ಅವರನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಯಜಮಾನರು ಸೀಳಿದ ಕೊಳವೆಯೊಳಗೆ ಹೆಬ್ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆದರು. ನಡುವಿನ ಹೊಟ್ಟೆಗೆ ಬಂದಾಗ ಬೆರಳು ತಗ್ಗಿಗೆ ಬಿದ್ದು, ಆಚೆ ಏರು ಸಿಕ್ಕಿ ನಿಂತಿತು. ಮತ್ತೆ ಎಳೆದರು. ಮತ್ತೆ ಅಲ್ಲೇ ನಿಂತಿತು.

“ನೀನೆಲ್ಲೂ ತಪ್ಪಿಲ್ಲ” ಎಂದರು. ಅಷ್ಟೇ. ಡಬ್ಬಿಯಲ್ಲಿನ ಬಟಾಣಿಯನ್ನು ಮುಟ್ಟಲಿಲ್ಲ.

ಟ್ರಾಮಿನಲ್ಲಿ ಖಾಲಿ ಪೆಟ್ಟಿಗೆ ನಮ್ಮಿಬ್ಬರ ಕಾಲ ಮೇಲಿತ್ತು. ಬಹಳ ದೂರ ಬಂದಮೇಲೆ ಹೇಳಿದರು: “ವಿನ್ನಿ, ಆ ನಕ್ಷೆಯಲ್ಲಿ ಹೊಟ್ಟೆ ಚಪ್ಪಟೆ. ಹನಿ ನಿಲ್ಲುತ್ತೆ.”

“ನೀವು ಮಾಡಿದ್ರಲ್ಲಿ ನಿಲ್ಲಲ್ವಲ್ಲ?”

“ಅದೇ ಕಣಮ್ಮ. ನಾನು ಮಾಡಿದ್ರಲ್ಲಿ ನಿಲ್ಲಲ್ಲ. ಒಂದ್ರಲ್ಲೂ ನಿಂತಿಲ್ಲ.” ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟು ಬೇರೆ ಯಾರದೋ ಕೈ ಎಂಬಂತೆ ನೋಡಿದರು. “ನಾನು ಬೇಕು ಅಂತ ಮಾಡಿದ್ದಲ್ಲ. ಗಾಜು ಬಗ್ಗುವಾಗ ಕೈ ತಾನೇ ಇಳಿಜಾರು ಕೊಟ್ಬಿಡುತ್ತೆ. ಅವ್ರು ನಂಗೆ ಬರೆದುಕೊಟ್ಟಿದ್ದು ಒಂದು, ನಾನು ಮಾಡಿಕೊಟ್ಟಿದ್ದು ಇನ್ನೊಂದು. ಆ ನನ್ಮಗ ಏಮಸ್ ನಕ್ಷೆ ಹೆಂಗಿತ್ತೋ ಹಂಗೇ ಮಾಡಿದ, ಅವನಿಗೆ ಕೆಟ್ಟ ಹೆಸರು.”

“ಹೋಗಿ ಹೇಳಿಬಿಡಿ, ಅಷ್ಟೇ ತಾನೇ?”

ಅವರು ಕಿಟಕಿಯಾಚೆ ನೋಡಿದರು. “ಹೇಳ್ತೀನಿ. ನಕ್ಷೆ ಇದ್ದ ಹಂಗೇ ಒಂದು ಮಾಡಿ ತೋರಿಸಿದ್ರೆ ಸಾಕು, ನೋಡಿದ ತಕ್ಷಣ ಗೊತ್ತಾಗುತ್ತೆ. ಗೊತ್ತಾದ್ಮೇಲೆ ಗಾಜು ಯಾತಕ್ಕೆ? ಗುರುವಾರ ಯಾತಕ್ಕೆ?” ಎಂದರು.

ನಾನು ಪೆಟ್ಟಿಗೆಯ ಹುಲ್ಲನ್ನು ಸುಮ್ಮನೆ ಒಳಗೆ ತುರುಕುತ್ತಾ ಕೂತೆ.

ಕೆಟ್ಟದಾಗಿ ಮಾಡುವುದು ಅಷ್ಟು ಕಷ್ಟ ಎಂದು ನಾನು ತಿಳಿದಿರಲಿಲ್ಲ. ಸೋಮವಾರ ಅವರು ಮೂಲೆಯ ಕುಲುಮೆಯಲ್ಲಿ ಶುರುಮಾಡಿದರು. ಮೊದಲನೆಯದರಲ್ಲಿ ಹೊಟ್ಟೆ ಮತ್ತೆ ಇಳಿಜಾರಾಯಿತು. ಒಡೆದರು. ಎರಡನೆಯದೂ ಹಾಗೇ. ನನ್ನನ್ನು ಕರೆದು, ಏಮಸ್‌ನ ಸೀಳಿದ ಕೊಳವೆಯ ಬಾಗಿಗೆ ಸರಿಯಾಗಿ ಬಗ್ಗಿಸಿ ತಂದಿದ್ದ ಒಂದು ತಂತಿಯನ್ನು ಕೈಗೆ ಕೊಟ್ಟರು. “ಇದನ್ನ ಹಿಡ್ಕೊಂಡು ಪಕ್ಕದಲ್ಲಿ ನಿಂತ್ಕೋ. ನನ್ನ ಕೈ ತಿದ್ದೋಕೆ ಹೋದ್ರೆ ಬೈಯಿ.”

“ನಿಮ್ಮನ್ನ ನಾನು ಬೈಯೋದಾ?”

“ಏಮಸ್ ಅಂದ್ಕೊಂಡು ಬೈಯಿ.”

ಗಾಜು ಕೆಂಪಾಗಿ ಊದುಕೊಳವೆಯ ತುದಿಯಲ್ಲಿ ಜೋಲಿತು. ಅವರು ಇಕ್ಕಳದಿಂದ ಹೊಟ್ಟೆ ಎಳೆದರು. ಬಿಸಿ ಗಾಜನ್ನು ತಿದ್ದುವ ಒದ್ದೆ ಮರದ ತುಂಡು ಇನ್ನೊಂದು ಕೈಯಲ್ಲಿತ್ತು, ಅದು ತಾನಾಗಿ ಹೊಟ್ಟೆಯ ಏರಿನ ಕಡೆಗೆ ಜಾರಿತು. “ಸಾಕು ಯಜಮಾನ್ರೇ, ಬಿಡಿ! ಮುಟ್ಟಬೇಡಿ! ಹಾಗೇ ಇರ್ಲಿ!” ಎಂದು ಕೂಗಿದೆ. ಇಡೀ ಕಾರ್ಖಾನೆ ತಿರುಗಿ ನೋಡಿತು. ಹಿಂದೆ ಅವರದೇ ಕುರ್ಚಿಯಲ್ಲಿ ಓಡಾಡಿಕೊಂಡಿದ್ದವನೊಬ್ಬ ಬಂದು ಇಣುಕಿ, “ಪಾಪ, ಯಜಮಾನ್ರ ಕೈ ಹೋಯ್ತು. ಹುಲ್ಲು ಕಟ್ಟೋಳು ಹೇಳ್ಕೊಡೋ ಹಂಗಾಯ್ತು” ಎಂದ. ಎಲ್ಲರೂ ನಕ್ಕರು. ಅವರು ತಲೆಯೆತ್ತಲಿಲ್ಲ. ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು. ಮರದ ತುಂಡನ್ನು ನೆಲಕ್ಕೆ ಹಾಕಿ, ಗಾಜನ್ನು ಹಾಗೇ ಆರಲು ಬಿಟ್ಟರು.

ಗುರುವಾರ ಶೆಡ್ಡಿನಲ್ಲಿ ಮ್ಯಾನೇಜರೂ ಇದ್ದರು. ಏಮಸ್ ಕೋಟು ತೊಟ್ಟು ನಿಂತಿದ್ದ, ಹೊರಡಲು ಸಿದ್ಧನಾದವನ ಹಾಗೆ. ಯಜಮಾನರು ಕೊಳವೆಯನ್ನು ತಾವೇ ಬಿಗಿದರು. ಫ್ಯಾನು ಎಳೆಯಿತು. ಕೆಂಪು ಮಂಜು ಒಳಗೆ ಬಂತು. ಹೊಟ್ಟೆಯಲ್ಲಿ ಸಣ್ಣದೊಂದು ಕೆಂಪು ಮಡು ಕಟ್ಟಿತು, ಬೆಳೆಯಿತು, ನಡುಗುತ್ತಾ ಕೂತಿತು. ಲ್ಯಾಚ್‌ಫರ್ಡ್ ಗಾಳಿ ಹೆಚ್ಚಿಸಿದರು. ಮಡು ಒಮ್ಮೆಲೇ ಎದ್ದು ನಾಲಗೆಯಂತೆ ಚಾಚಿ ಹಿಂದಿನ ಎರಡು ಕವಲುಗಳಿಗೆ ಬಡಿಯಿತು. ಮುಂದಿನ ಎರಡು ಬರಿದಾಗಿಯೇ ಉಳಿದವು.

ಲ್ಯಾಚ್‌ಫರ್ಡ್ ಮೂಗು ಒರೆಸುವುದನ್ನೂ ಮರೆತು ನೋಡುತ್ತಿದ್ದರು. “ಮತ್ತೆ ಈ ಮೊದಲಿನವು?”

“ನನ್ನ ತಪ್ಪು ಸಾರ್. ಹನಿ ನಿಲ್ಲೋ ಹಂಗೆ ಮಾಡಿ ಕೈಗೆ ರೂಢಿ ಇಲ್ಲ. ನಿಮ್ಮ ನಕ್ಷೇನ ತಿದ್ದಿಬಿಟ್ಟಿದ್ದೆ, ನಂಗೇ ಗೊತ್ತಿಲ್ದೆ. ವಿಟ್ಲಾಕ್ ಮಾಡಿದ್ದು ಮೊದ್ಲಿಂದ್ಲೂ ಸರಿಯಾಗೇ ಇತ್ತು.”

ಮ್ಯಾನೇಜರು ಏನೋ ಗೊಣಗಿ ಹೊರಗೆ ನಡೆದರು. ಲ್ಯಾಚ್‌ಫರ್ಡ್ ಕೋಪಮಾಡಲಿಲ್ಲ. ಚೌಕಟ್ಟಿನ ಪಟ್ಟಿಯನ್ನೇ ಸರಿಸಿ ಕೊಳವೆಯನ್ನು ನೇರ ಮಾಡಿಬಿಡೋಣ ಎಂದು ಆಗಲೇ ಪೆನ್ಸಿಲು ಹುಡುಕುತ್ತಿದ್ದರು. ಅವರು ಒಳ್ಳೆಯ ಮನುಷ್ಯರು. ಆದರೆ ಅವರಿಗೆ ಅಲ್ಲಿ ಕಂಡದ್ದು ಕೊಳವೆ ಮಾತ್ರ.

ಏಮಸ್ ಕೋಟಿನ ಗುಂಡಿ ಬಿಚ್ಚಿದ. ಯಜಮಾನರು ಅವನ ಕಡೆ ತಿರುಗಿ ಕಾದರು. ಒಂದು ಬೈಗುಳಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ದೊಡ್ಡ ಬೈಗುಳವೇ ಆಗಲಿ, ಬಂದರೆ ಸಾಕಾಗಿತ್ತು.

“ಚಳಿಗಾಲ ಪೂರ್ತಿ ನನ್ನ ಹೆಂಡ್ತಿಗೆ ನಿದ್ದೆ ಇರ್ಲಿಲ್ಲ” ಎಂದ ಏಮಸ್ ಮೆಲ್ಲಗೆ. “ಮನೆ ಬಿಡಬೇಕಾಗುತ್ತೆ ಅಂತ ಪಾತ್ರೆಗಳನ್ನ ಒಂದೊಂದಾಗಿ ಅವಳ ತಂಗಿ ಮನೆಗೆ ಸಾಗಿಸ್ತಿದ್ಲು.” ಆಮೇಲೆ ತನ್ನ ಬೆಂಚಿಗೆ ಹೋಗಿ ರಾಳದ ಪಾತ್ರೆಯನ್ನು ಒಲೆಗೆ ಏರಿಸಿದ.

ಬೇಕಾದಾಗ ಕಾಗದ ಹಾಕುತ್ತೇವೆ ಎಂದರು ಲ್ಯಾಚ್‌ಫರ್ಡ್. ಬೇಕಾಗಲಿಲ್ಲ. ಯಜಮಾನರು ಆ ಕೊಳವೆಯನ್ನು ಕೇಳಿ ತಂದರು. ನಮ್ಮ ಕಡೆ ಗಾಜಿನವರು ಉಳಿದ ಗಾಜಿನಲ್ಲಿ ತಮಗೆಂದು ಕೋಲು, ಹಂಸ, ತುತ್ತೂರಿ ಮಾಡಿಕೊಂಡು ಬೀದಿಯ ಕಿಟಕಿಯಲ್ಲಿ ಇಡುತ್ತಾರೆ. ಕೈಚಳಕದ ಪ್ರದರ್ಶನ ಅದು. ಯಜಮಾನರ ಕಿಟಕಿಯಲ್ಲಿ ಹೆಸ್ಟರ್‌ಗೆಂದು ಮಾಡಿದ್ದ ಹಂಸ ಒಂದಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಈ ಸೊಟ್ಟ ಕೊಳವೆಯನ್ನು ನಡುವೆ ಇಟ್ಟರು. ದಾರಿಹೋಕರು ನಿಂತು ನಗುವರು. “ಯಜಮಾನ್ರೇ, ಇದೇನ್ರೀ, ದನದ ಕರುಳು ತೂಗಾಕಿದೀರಿ?” ಎಂದು ಕೇಲಬ್‌ ಕೂಡ ಕೇಳಿದ. “ನನ್ನ ಕೈ ನಾನು ಹೇಳಿದ ಹಂಗೆ ಕೇಳಿದ್ದು ಇದೊಂದ್ರಲ್ಲೇ ಕಣಪ್ಪ” ಎಂದರು ಅವರು.

ಬುಧವಾರ ಕಾಲರು ತರುವುದನ್ನು ಅವರು ಬಿಡಲಿಲ್ಲ. ನಾನೂ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟೆ. ಗುರುವಾರ ಅದನ್ನು ತೊಟ್ಟು ಟ್ರಾಮ್ ನಿಲ್ಲುವ ಜಾಗದವರೆಗೆ ಹೋಗಿ, ಟ್ರಾಮ್ ಹೊರಟ ಮೇಲೆ ಎರಡು ಅಂಗಡಿಗಳಿಂದ ಅರ್ಧರ್ಧ ಬ್ರೆಡ್ಡು ಹಿಡಿದು ವಾಪಸು ಬರುವರು.

ಬೇಸಿಗೆಯಲ್ಲಿ ಏಮಸ್ ಒಮ್ಮೆ ಬಂದ. ಭಾನುವಾರ, ಚಾಪೆಲ್ಲಿನ ಕೋಟು ಹಾಕಿಕೊಂಡಿದ್ದ, ರಾಳದ ವಾಸನೆಯನ್ನು ಸೋಪಿನಿಂದ ಉಜ್ಜಿ ತೊಳೆದು ಬಂದಿದ್ದ. ನಾನೇ ಚಹಾ ಮಾಡಿಕೊಟ್ಟೆ. ಹೊಸ ಕೊಳವೆಯಿಂದ ಇಂಜಿನ್ನು ಚೆನ್ನಾಗಿ ಓಡುತ್ತಿದೆ, ಮೊನ್ನೆ ಯಂತ್ರ ಹೊಲದ ಆಚೆಯ ಬೇಲಿ ದಾಟಿ ಹಾರಿತು ಎಂದ. ಹವೆ ಒಳ್ಳೆಯದಿದೆ ಎಂದ. ಚಹಾ ಚೆನ್ನಾಗಿದೆ ಎಂದ. ಕಿಟಕಿಯಲ್ಲಿದ್ದ ಕೊಳವೆಯನ್ನು ಕಂಡಾಗ ಅವನ ಬಾಯಿ ತೆರೆಯಿತು. ಯಜಮಾನರು ಬಟ್ಟಲು ಕೆಳಗಿಟ್ಟು ಮುಂದೆ ಬಾಗಿದರು. ಏಮಸ್ ಕೆಮ್ಮಿ ಬಾಯಿ ಮುಚ್ಚಿಕೊಂಡ.

ಹೊರಡುವಾಗ ಟೋಪಿ ತೆಗೆದು, “ಬರ್ತೀನಿ ಮಿಸ್ಟರ್ ಪಾರ್ಜಿಟರ್. ಆರೋಗ್ಯ ನೋಡ್ಕೊಳ್ಳಿ” ಎಂದ.

ಅವನು ಮೂಲೆ ತಿರುಗುವವರೆಗೂ ಯಜಮಾನರು ಬಾಗಿಲಲ್ಲಿ ನಿಂತಿದ್ದರು. “ಕೇಳಿದ್ಯಾ ವಿನ್ನಿ? ಮಿಸ್ಟರ್ ಅಂದ.”

“ಮರ್ಯಾದೆ ಕೊಟ್ಟ, ಒಳ್ಳೇದೇ ಅಲ್ವಾ?”

“ಹ್ಞೂ. ಕೊಟ್ಟ” ಎಂದು ಒಳಗೆ ಹೋಗಿ, ಅವನು ಕುಡಿದ ಬಟ್ಟಲನ್ನು ತಾವೇ ತೊಳೆದು ಮಗುಚಿಟ್ಟರು. ಮತ್ತೆ ಏಮಸ್ ಬರಲಿಲ್ಲ. ಯುದ್ಧ ಶುರುವಾಗುವ ಮೊದಲೇ ಯಜಮಾನರು ತೀರಿಹೋದರು. ಹಂಸ ಹೆಸ್ಟರ್‌ಳ ಕಡೆಯವರಿಗೆ ಹೋಯಿತು. ಕೊಳವೆಯನ್ನು ಯಾರೂ ಕೇಳಲಿಲ್ಲ, ನಾನು ತಂದುಕೊಂಡೆ.

ಈಗ ಕೇಲಬ್ ಕೂಡ ಇಲ್ಲ. ಕೊಳವೆ ನನ್ನ ಕಿಟಕಿಯಲ್ಲಿದೆ. ವಸಂತದಲ್ಲಿ ಪರದೆ ಬಿಚ್ಚಿ ಒಗೆಯುವಾಗ ಅದನ್ನೂ ತೊಳೆಯುತ್ತೇನೆ. ಹೇಗೆ ಬಗ್ಗಿಸಿದರೂ ಹೊಟ್ಟೆಯಲ್ಲಿ ಒಂದಿಷ್ಟು ನೀರು ಉಳಿದೇ ಉಳಿಯುತ್ತದೆ. ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ ತೆಗೆಯಬಹುದು. ನಾನು ತೆಗೆಯುವುದಿಲ್ಲ. ಬಿಸಿಲಿನಲ್ಲಿ ಅದು ತಾನಾಗಿ ಆರುವವರೆಗೆ ಹಾಗೇ ಇಡುತ್ತೇನೆ.